ಏಳನೆಯ ನಿದ್ದೆಯ ಜಾಗ

"ಸರಿಯಾಗಿ ಹೇಳು ಅಪ್ಪಾ, ರೆಸೊಲ್ಯೂಟಿಗೆ ಎಷ್ಟು ದೂರ?" ಎಂದು ನಪಾಚೀ ಮೂರನೆಯ ಸಲ ಕೇಳಿದಳು.

ನಪಾಚೀಗೆ ಅರವತ್ತೆಂಟು. ಅವಳು ಅಪ್ಪಾ ಎಂದು ಕರೆದ ಇಟುಲೂಗೆ ಮೂವತ್ತೆರಡು. ಉತ್ತರ ತುದಿಯ ಹಿಮನಾಡಿನ ಔಯಿತ್ತುಕ್‌ನ ವಿಮಾನ ನಿಲ್ದಾಣ ಎಂದರೆ ಒಂದು ಸಣ್ಣ ತಗಡಿನ ಮನೆ, ಬೆಟ್ಟದ ಬುಡದಲ್ಲಿ ಒಂದು ಮಣ್ಣಿನ ಓಡುದಾರಿ. ಅಲ್ಲಿಗೆ ಇಟುಲೂನೇ ಸರ್ವಾಧಿಕಾರಿ. ಹವಾಮಾನ ಹೇಳುವವನೂ ಅವನೇ, ಗಂಟುಮೂಟೆ ತೂಗುವವನೂ ಅವನೇ, ಹಿಮ ತಳ್ಳುವವನೂ ಅವನೇ, ಕರಡಿ ಬಂದರೆ ಓಡಿಸುವವನೂ ಅವನೇ. ಅವನು ಹುಟ್ಟಿದ ದಿನ ನಪಾಚೀ ತನ್ನ ತೀರಿಹೋದ ತಂದೆಯ ಹೆಸರನ್ನು ಅವನ ಕಿವಿಯಲ್ಲಿ ಹೇಳಿದ್ದಳು. ಯಾರ ಹೆಸರೋ ಅವರ ನಂಟೂ ಹೆಸರಿನ ಜೊತೆಗೇ ಬರುತ್ತದೆ; ಹೆಸರಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಅಂದಿನಿಂದ ಅವನು ಅವಳಿಗೆ ಅಪ್ಪ, ಅವಳು ಅವನಿಗೆ ಮಗಳು.

"ಮುನ್ನೂರ ಎಂಬತ್ತು ಕಿಲೋಮೀಟರ್ ಮಗಳೇ. ಒಂದೂವರೆ ಗಂಟೆ."

"ಕಿಲೋಮೀಟರ್ ಕಟ್ಕೊಂಡು ನನಗೇನಾಗ್ಬೇಕು? ನಿದ್ದೆ ಎಷ್ಟು, ಅದನ್ನ ಹೇಳು."

"ವಿಮಾನದಲ್ಲಿ ಗೊರಕೆ ಹೊಡೆದ್ರೆ ಒಂದು ನಿದ್ದೆ. ಹೊಡೀದಿದ್ರೆ ಅದೂ ಇಲ್ಲ."

"ಅಪ್ಪ ಅನ್ನಿಸ್ಕೊಂಡು ಮಗಳನ್ನ ಗೇಲಿ ಮಾಡ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದಳು ನಪಾಚೀ. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ನಾಲ್ಕು ಜನ ನಕ್ಕರು. ಅವಳು ನಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಸಲೂಮಿಯ ಮೊಣಕೈ ಹಿಡಿದು, "ಬರ್ಕೊಂಡ್ಯೇನೇ? ತೊಂಬತ್ತು ನಿಮಿಷ," ಎಂದಳು.

ಸಲೂಮಿ ನಪಾಚೀಯ ಗಂಡನ ಅಕ್ಕನ ಮಗಳು. ನಲವತ್ತೈದು ವರ್ಷದವಳು, ಊರಿನ ಸಹಕಾರಿ ಅಂಗಡಿಯಲ್ಲಿ ಕೆಲಸ, ಲೆಕ್ಕದಲ್ಲಿ ಗಟ್ಟಿಗಿತ್ತಿ. ಈಗ ಅತ್ತೆಯ ಜೊತೆ ಹೊರಟಿದ್ದಾಳೆ, ಬಿಳಿಯರ ಭಾಷೆಗೆ ನಾಲಗೆಯಾಗಿ, ದಾರಿಗೆ ಕಣ್ಣಾಗಿ. ನಪಾಚೀಯ ಎರಡು ಕಣ್ಣಿಗೂ ಪೊರೆ ಬಂದು ಮೂರು ವರ್ಷವಾಗಿತ್ತು. ಬೆಳಕು ಕಾಣುತ್ತಿತ್ತು, ಬೆಳಕಿನಲ್ಲಿ ಇರುವುದು ಕಾಣುತ್ತಿರಲಿಲ್ಲ. ರೆಸೊಲ್ಯೂಟಿನಲ್ಲಿ ವಿಮಾನ ಬದಲಿಸಿ ಹೋಗಬೇಕಾದ ಇಕಾಲುಯಿತ್‌ನ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಪೊರೆ ಮೊದಲು ತೆಗೆಸೋಣ, ಆಮೇಲೆ ಇನ್ನೊಂದು ನೋಡೋಣ ಎಂದು ನರ್ಸಮ್ಮ ಗೋಗರೆದಿದ್ದೇ ಗೋಗರೆದಿದ್ದು, ಮುದುಕಿ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. ಅವಳ ತಾಯಿ ಎದೆಯ ಬೇನೆಗೆಂದು ಆಸ್ಪತ್ರೆಯ ಹಡಗು ಹತ್ತಿದವಳು ಮರಳಿ ಬಂದಿರಲಿಲ್ಲ. ಎಲ್ಲಿ ಮಣ್ಣು ಮಾಡಿದರೆಂಬುದೂ ಗೊತ್ತಾಗಿರಲಿಲ್ಲ. ನೆಲ ಬಿಟ್ಟು ಏಳುವ ಯಾವುದನ್ನೂ, ದಡ ಬಿಟ್ಟು ಹೋಗುವ ಯಾವುದನ್ನೂ ತಾನು ಹತ್ತೆನೆಂದು ನಪಾಚೀ ಹಟ ಹಿಡಿದಿದ್ದಳು. ಹೀಗಿದ್ದವಳು ಈ ವಸಂತದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ, "ಆಯ್ತು, ಹೋಗ್ತೀನಿ," ಎಂದಾಗ ಊರೆಲ್ಲ ಮುದುಕಿಗೆ ಬುದ್ಧಿ ಬಂತು ಎಂದುಕೊಂಡಿತು.

ಬುದ್ಧಿ ಬಂದದ್ದಲ್ಲ. ವಿಮಾನ ರೆಸೊಲ್ಯೂಟಿಗೆ ಹೋಗುವುದು ಹಳೆಯ ಜಾರುಬಂಡಿಯ ದಾರಿಯ ಮೇಲೆಯೇ, ಕೆಂಪು ಬಂಡೆಯ ಕೊಲ್ಲಿಯ ನೆತ್ತಿಯ ಮೇಲೆಯೇ ಎಂದು ಇಟುಲೂ ಯಾರಿಗೋ ಹೇಳುತ್ತಿದ್ದದ್ದು ಅವಳ ಕಿವಿಗೆ ಬಿದ್ದಿತ್ತು. ಆ ಮಾತು ಬಿದ್ದಂದಿನಿಂದ ಅವಳಿಗೆ ಊಟ ರುಚಿಸಿರಲಿಲ್ಲ.

ನಲವತ್ತು ವರ್ಷದ ಹಿಂದೆ ಅವಳೂ ಅವಳ ಗಂಡ ಅಲಾಶುಕ್‌ನೂ ಹದಿಮೂರು ನಾಯಿಗಳನ್ನು ಕಟ್ಟಿಕೊಂಡು ಆ ದಾರಿಯಲ್ಲಿ ರೆಸೊಲ್ಯೂಟಿಗೆ ಹೋಗಿದ್ದರು. ಅಲ್ಲಿ ಅಲಾಶುಕ್‌ನ ಅಕ್ಕ, ಸಲೂಮಿಯ ತಾಯಿ, ಕೂನುಕ್ ಇದ್ದಳು. ಹನ್ನೊಂದು ನಿದ್ದೆಯ ದಾರಿ, ಎಂದರೆ ನಡುವೆ ಹನ್ನೊಂದು ರಾತ್ರಿ ಮಲಗಿ ಏಳಬೇಕು. ಏಳನೆಯ ನಿದ್ದೆಗೆಂದು ಕಟ್ಟಿದ ಹಿಮದ ಮನೆಯಲ್ಲಿ ನಪಾಚೀಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಗಂಡು ಕೂಸು. ಹೆಸರಿಡುವುದು ಹಿರಿಯ ಹೆಂಗಸಿನ ಕೆಲಸ, ತಾಯಿಯದ್ದಲ್ಲ. ಹೆಸರು ಹೇಳುವುದರಲ್ಲಿ ಕೂನುಕ್‌ಳ ಕೈಗುಣ ಆ ಸೀಮೆಗೆಲ್ಲ ಗೊತ್ತು. ಇನ್ನು ನಾಲ್ಕೇ ನಿದ್ದೆ, ಅಕ್ಕನ ಮಡಿಲಿಗೇ ಹಾಕಿ ಹೆಸರಿಡಿಸೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಕೂಸು ಅಷ್ಟು ಕಾಯಲಿಲ್ಲ. ಮರುದಿನ ಸಂಜೆಯೊಳಗೆ ಹೋಯಿತು. ಕೆಂಪು ಬಂಡೆಯ ಬುಡದಲ್ಲಿ ಕಲ್ಲು ಪೇರಿಸಿ ಮುಚ್ಚಿದರು. ಬೇಸಿಗೆಯಲ್ಲಿ ಸರಕಿನ ಹಡಗು ಹತ್ತಿ ಊರಿಗೆ ಮರಳಿದರು; ಅದೇ ಕೊನೆ, ಆಮೇಲೆ ಹಡಗನ್ನೂ ಹತ್ತಲಿಲ್ಲ. ಮುಂದಿನ ಚಳಿಗಾಲ ನಾಯಿಗಳಿಗೆ ರೋಗ ಬಂದು ಸತ್ತವು. ಆ ದಾರಿ ತುಳಿಯುವ ಯೋಗ ಮತ್ತೆ ಬರಲೇ ಇಲ್ಲ.

ವಿಚಿತ್ರವೆಂದರೆ, ಮುಂದೆ ಹೆಸರಿಡುವ ಕೆಲಸ ನಪಾಚೀಗೇ ಬಂತು. ಊರಿನ ಅರ್ಧ ಜನಕ್ಕೆ ಅವಳಿಟ್ಟ ಹೆಸರು. ಕೂಸನ್ನು ಎತ್ತಿಕೊಂಡು, ಕಿವಿಯ ಹತ್ತಿರ ಬಾಯಿಟ್ಟು, ಹೆಸರು ಹೇಳಿ, ಕೂಸು ಒಮ್ಮೆ ಮಿಸುಕುವುದನ್ನು ಕಾದು ನೋಡುವಳು. ಮಿಸುಕಿತೆಂದರೆ ಹೆಸರು ಒಳಗೆ ಇಳಿಯಿತೆಂದು ಅರ್ಥ. ಪ್ರತಿ ಸಲವೂ ಅವಳಿಗೆ ಕಲ್ಲಿನ ಕೆಳಗಿನ ಆ ಇನ್ನೊಂದು ಕಿವಿಯ ನೆನಪಾಗುತ್ತಿತ್ತು. ಹೆಸರಿಲ್ಲದವರನ್ನು ಯಾರೂ ಕರೆಯುವುದಿಲ್ಲ. ಕರೆಯದಿದ್ದರೆ ಅವರು ಯಾರಿಗೂ ಏನೂ ಆಗುವುದಿಲ್ಲ. ಅವಳ ಒಡಲಲ್ಲಿ ಹುಟ್ಟಿದವನು ನಲವತ್ತು ವರ್ಷದಿಂದ ಯಾರಿಗೂ ಏನೂ ಆಗದೆ ಮಲಗಿದ್ದ.

"ಹೆಸರನ್ನ ಮನೇಲೇ ಕೂತು ಹೇಳಬಾರದಾ ಅತ್ತೆ?" ಎಂದು ಸಲೂಮಿ ಕೇಳಿದ್ದಳು.

"ಕೇಳ್ಬೇಕಲ್ಲೇ ಅವನಿಗೆ! ನೀನು ಅಂಗಡೀಲಿ ಕೂತು ಪಿಸುಗುಟ್ಟಿದ್ರೆ ನನಗೆ ಕೇಳುತ್ತಾ? ಹತ್ರ ಹೋಗಿ ಹೇಳ್ಬೇಕು. ನಡೆದು ಹೋಗೋ ಕಾಲಲ್ಲ ಇದು. ಮೇಲಿಂದಾದ್ರೂ ಹೇಳ್ತೀನಿ."

ಹಾಗಾಗಿ ಲೆಕ್ಕ ಸುರುವಾಯಿತು. ಸಲೂಮಿ ಚಹಾದ ಪೊಟ್ಟಣದ ಹಿಂಬದಿಯಲ್ಲಿ ತೊಂಬತ್ತನ್ನು ಹನ್ನೊಂದರಿಂದ ಭಾಗಿಸಿದಳು. ನಿದ್ದೆಗೆ ಎಂಟು ನಿಮಿಷ, ಚಿಲ್ಲರೆ. ಏಳನೆಯ ನಿದ್ದೆ ಐವತ್ತಾರು, ಐವತ್ತೇಳನೆಯ ನಿಮಿಷಕ್ಕೆ. ಇಬ್ಬರೂ ನಾಲ್ಕು ಸಲ ನೋಡಿದರು. ಲೆಕ್ಕ ತಪ್ಪಿರಲಿಲ್ಲ.

ವಿಮಾನ ಬೆಟ್ಟಕ್ಕೆ ಡಿಕ್ಕಿ ಹೊಡೆಯುವ ಹಾಗೆ ಓಡಿ, ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದ ಹಾಗೆ ಪಕ್ಕಕ್ಕೆ ವಾಲಿ ಮೇಲೆದ್ದಿತು. ನಪಾಚೀ ಮುಂದಿನ ಸೀಟನ್ನು ಎರಡು ಕೈಯಲ್ಲಿ ಅಪ್ಪಿಕೊಂಡಳು. ಆಮೇಲೆ ಅದುರು ನಿಂತು, ಒಂದೇ ಸಮನೆ ಮೊರೆತ.

"ಈಗ ಎಲ್ಲಿದೀವಿ?"

"ಸಮುದ್ರದ ಮೇಲೆ. ಹಿಮಗಟ್ಟಿದೆ. ಎಂಟು ನಿಮಿಷ ಆಯ್ತು ಅತ್ತೆ."

ನಪಾಚೀ ಹೆಬ್ಬೆರಳು ಮಡಚಿದಳು. ಮೊದಲ ನಿದ್ದೆ. ಅಂದು ನಾಯಿಗಳು ಕಚ್ಚಾಡಿ, ಮುಂದಾಳು ನಾಯಿಯ ಕಿವಿ ಹರಿದು, ಅಲಾಶುಕ್ ಬೈದದ್ದು ಇಡೀ ಕೊಲ್ಲಿಗೆ ಕೇಳಿತ್ತು. ಅಷ್ಟನ್ನು ಅವಳು ನೆನೆದು ಮುಗಿಸುವುದರೊಳಗೆ ಸಲೂಮಿ, "ಹದಿನಾರು," ಎಂದಳು. ಎರಡನೆಯ ನಿದ್ದೆ. ಒಡೆದ ಹಿಮಗಡ್ಡೆಗಳ ನಡುವೆ ಬಂಡಿಯನ್ನು ಹೆಗಲು ಕೊಟ್ಟು ನೂಕಿದ ದಿನ, ಅವಳ ಬೆನ್ನು ಮುರಿದಂತಾದ ದಿನ. ಅದೂ ಹೋಯಿತು. ಒಂದು ಬಟ್ಟಲು ಚಹಾ ಆರುವಷ್ಟರಲ್ಲಿ ಎರಡು ದಿನದ ಬೆವರು ಕಾಲಡಿಯಲ್ಲಿ ಸರಿದುಹೋಯಿತಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು. ಹೆದರಿಕೆಯಲ್ಲ. ತಾನು ಯಾವುದೋ ದೊಡ್ಡದರ ಬೆನ್ನ ಮೇಲೆ ಕೂತಿದ್ದೇನೆ, ಅದಕ್ಕೆ ತನ್ನ ಭಾರವೇ ಗೊತ್ತಿಲ್ಲ ಎನ್ನಿಸಿತು.

ಕಿರುಬೆರಳು ಮಡಚಿ ಐದನೆಯ ನಿದ್ದೆ ಮುಗಿದಾಗ ಸಲೂಮಿ ಫ್ಲಾಸ್ಕಿನಿಂದ ಮತ್ತೆ ಚಹಾ ಬಗ್ಗಿಸುತ್ತ ಕಿಟಕಿಯ ಕಡೆ ನೋಡಿ, "ಅಬ್ಬಾ, ಎಷ್ಟು ಚೆನ್ನಾಗಿದೆ ಗೊತ್ತಾ," ಎಂದಳು.

"ಅಂದ ಆಮೇಲೆ ನೋಡುವಂತೆ. ಇನ್ನೂ ಎರಡು ನಿದ್ದೆ ಇದೆ. ಗಡಿಯಾರ ನೋಡು."

ಐವತ್ತಾರನೆಯ ನಿಮಿಷಕ್ಕೆ ನಪಾಚೀ ಟೋಪಿ ತೆಗೆದಳು. ತಲೆಗೂದಲು ನೇವರಿಸಿಕೊಂಡು ಹಣೆಯನ್ನು ಕಿಟಕಿಯ ಗಾಜಿಗೆ ಒತ್ತಿದಳು.

"ಕೆಂಪು ಬಂಡೆ ಕಾಣ್ತಾ?"

"ಇಲ್ಲ ಅತ್ತೆ."

"ಮಂಡಿ ಮಡಚಿದ ಹಾಗೆ ಒಂದು ಕೊಲ್ಲಿ. ಪಕ್ಕದಲ್ಲೇ ಬಂಡೆ. ಸರಿಯಾಗಿ ನೋಡೇ."

"ಬರೀ ಸಮುದ್ರ. ಚಪ್ಪಟೆ. ಒಂದು ಬಿರುಕು ಬಿಟ್ರೆ ಇನ್ನೇನೂ ಇಲ್ಲ..." ಸಲೂಮಿ ಮಾತು ನಿಲ್ಲಿಸಿದಳು. "ಅತ್ತೆ, ಕೊಲ್ಲಿ, ಬಂಡೆ ಎಲ್ಲ ಆಗ್ಲೇ ನೋಡ್ದೆ. ಚಹಾ ಹಾಕ್ವಾಗ. ಚೆನ್ನಾಗಿದೆ ಅಂದ್ನಲ್ಲ, ಅದೇ. ನೀನು ಇನ್ನೂ ಎರಡು ನಿದ್ದೆ ಇದೆ ಅಂದೆ."

"ಅದು ಹೇಗಾಗುತ್ತೆ? ಏಳನೇ ನಿದ್ದೆ. ನನಗೆ ಮರೆಯುತ್ತಾ? ಮೂರನೇ ನಿದ್ದೆಗೆ ಬಿರುಗಾಳಿ ಹಿಡೀತು, ನಾಲ್ಕನೇದೂ ಅಲ್ಲೇ, ಐದನೇದೂ ಅಲ್ಲೇ..." ನಪಾಚೀ ಬೆರಳುಗಳನ್ನು ಮತ್ತೆ ಎಣಿಸಿದಳು. ಮೂರನೆಯದು, ನಾಲ್ಕನೆಯದು, ಐದನೆಯದು, ಆರನೆಯದು. ನಾಲ್ಕು ನಿದ್ದೆಯನ್ನೂ ಅವರು ಒಂದೇ ಹಿಮದ ಮನೆಯಲ್ಲಿ, ಗಾಳಿಗೆ ಹೆದರಿ, ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿದ್ದರು. ಹೆಜ್ಜೆ ಮುಂದಿಟ್ಟಿರಲಿಲ್ಲ. ನಿದ್ದೆ ನಿದ್ದೆಯೇ, ಎಣಿಸುವಾಗ ಅದೂ ಸೇರುತ್ತದೆ. ಅವಳ ಅಜ್ಜಿಯೂ ಹಾಗೆಯೇ ಎಣಿಸಿದ್ದಳು. ವಿಮಾನಕ್ಕೆ ಅಲ್ಲಿ ಮಲಗುವ ಕೆಲಸವಿರಲಿಲ್ಲ.

"ತಿರುಗಿಸೋಕೆ ಹೇಳು!" ನಪಾಚೀ ಸೀಟಿನಿಂದ ಅರ್ಧ ಎದ್ದಳು. "ಹೋಗೇ, ಹೇಳು ಅವನಿಗೆ!"

ಸಲೂಮಿ ಬಗ್ಗಿಕೊಂಡು ಮುಂದಕ್ಕೆ ಹೋದಳು. ಪೈಲಟ್ ಲೂಕ್ ದಕ್ಷಿಣದಿಂದ ಬಂದ ಬಿಳಿಯ, ಕೆಂಚು ಗಡ್ಡದವನು, ಇಪ್ಪತ್ತು ವರ್ಷದಿಂದ ಇದೇ ದಾರಿಯಲ್ಲಿ ಹಾರುತ್ತಿದ್ದವನು. ಒಂದು ಕಿವಿಯ ಮುಚ್ಚಳ ಸರಿಸಿಕೊಂಡು ಪೂರ್ತಿ ಕೇಳಿದ. ನಗಲಿಲ್ಲ, ಗದರಲಿಲ್ಲ. ಇಂಧನದ ಮುಳ್ಳು ತೋರಿಸಿದ. ರೆಸೊಲ್ಯೂಟಿನಲ್ಲಿ ಮಂಜು ಏಳುತ್ತಿದೆ, ಹಿಂದಕ್ಕೆ ಹನ್ನೊಂದು ನಿಮಿಷ, ಮತ್ತೆ ಮುಂದಕ್ಕೆ ಹನ್ನೊಂದು, ಅಷ್ಟರಲ್ಲಿ ಇಳಿಯುವ ಜಾಗವೇ ಮುಚ್ಚಿಹೋಗುತ್ತದೆ, ನನ್ನ ಹಿಂದೆ ಆರು ಜೀವ ಕೂತಿವೆ ಎಂದ. ಆಮೇಲೆ ತೊಡೆಯ ಮೇಲಿದ್ದ ನಕ್ಷೆಯನ್ನು ಅವಳ ಕಡೆ ತಿರುಗಿಸಿ, "ಯಾವ ಜಾಗ?" ಎಂದು ಕೇಳಿದ. ಸಲೂಮಿ ತೋರಿಸಿದಳು. ಅವನು ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿಕೊಂಡ.

"ಬರ್ತಾ ಹೇಳಿದ್ರಾಯ್ತು ಅತ್ತೆ. ಆಗ ಕಣ್ಣೂ ಇರುತ್ತೆ, ನೋಡ್ಕೊಂಡೇ ಹೇಳ್ತೀಯ," ಎಂದಳು ಮರಳಿ ಬಂದ ಸಲೂಮಿ.

"ಬರ್ತಾ." ನಪಾಚೀ ಟೋಪಿಯನ್ನು ಮಡಿಲಲ್ಲಿ ಹಿಂಡಿದಳು. "ನಮ್ಮಮ್ಮನೂ ಹಂಗೇ ಅಂದಿದ್ಳು. ಬರ್ತಾ ನಿನಗೆ ಕೆಂಪು ದಾರ ತರ್ತೀನಿ ಅಂತ." ಉಳಿದ ದಾರಿಯಲ್ಲಿ ಅವಳು ಬೆರಳು ಮಡಚಲಿಲ್ಲ.

ಆ ಸಂಜೆ ರೆಸೊಲ್ಯೂಟಿನಲ್ಲಿ ಅವರು ಇಳಿದುಕೊಂಡದ್ದು ಕೂನುಕ್‌ಳ ಮನೆಯಲ್ಲಿ. ಕೂನುಕ್ ಹೋದ ಚಳಿಗಾಲಕ್ಕೆ ಮುಂಚೆ ತೀರಿಕೊಂಡಿದ್ದಳು; ಈಗ ಅಲ್ಲಿ ಸಲೂಮಿಯ ತಮ್ಮನ ಸಂಸಾರ. ಬಿಸಿಲು ಕಿಟಕಿಯಲ್ಲಿ ಹಾಗೇ ನಿಂತಿತ್ತು, ಮೇ ತಿಂಗಳಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ. ಸೀಲ್ ಮಾಂಸದ ಸಾರು ಕುಡಿದಾದ ಮೇಲೆ ಸಲೂಮಿ ತಾಯಿಯ ಖಾಲಿ ಮಂಚದ ಅಂಚಿನಲ್ಲಿ ಕೂತಳು.

"ಒಂದೂವರೆ ಗಂಟೆಯ ದಾರಿ," ಎಂದಳು. "ಅಮ್ಮ ಹೋದಳು ಅಂತ ಫೋನ್ ಬಂತು. ಐದು ದಿನ ಮಂಜು. ಐದು ದಿನವೂ ಇಟುಲೂ ಪಕ್ಕ ಹೋಗಿ ಕೂತೆ ಅತ್ತೆ, ಗಂಟು ಕಟ್ಕೊಂಡು. ಆರನೇ ದಿನ ವಿಮಾನ ಬಂತು, ಅಷ್ಟೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ಒಂದೂವರೆ ಗಂಟೆ ಅಂತಾರೆ. ಅಮ್ಮಾ ಅಂತ ಒಂದು ಸಲ ಕರೆಯೋಕಾಗ್ಲಿಲ್ಲ ನನಗೆ."

"ಅವಳ ಹೆಸರು ಯಾರಿಗಾದ್ರೂ ಇಟ್ಟಿದ್ದಾರಾ?"

"ಎಲ್ಲಿ? ನಮ್ಮನೇಲಿ ಆಮೇಲೆ ಒಂದು ಕೂಸೂ ಹುಟ್ಟಿಲ್ಲ."

ನಪಾಚೀ ಹತ್ತಿರ ಸರಿದಳು. ಕೈ ಚಾಚಿ ಸಲೂಮಿಯ ಮುಖವನ್ನು ತಡವಿದಳು, ಒದ್ದೆಯಾಗಿತ್ತು. ಅಂಗೈಯಿಂದ ಒರೆಸಿ, ಆ ಕೈಯನ್ನು ಅಲ್ಲೇ ಇಟ್ಟುಕೊಂಡಳು.

ಹದಿನಾರು ದಿನದ ಮೇಲೆ ಅವರು ಮತ್ತೆ ರೆಸೊಲ್ಯೂಟಿನಿಂದ ವಿಮಾನ ಹತ್ತಿದರು. ನಪಾಚೀಯ ಎಡಗಣ್ಣು ಇನ್ನೂ ಮೊದಲಿನಂತೆಯೇ, ಬಲಗಣ್ಣು ಹೊಸದು. ಆ ಒಂದು ಕಣ್ಣಿನಿಂದ ಅವಳು ಆಸ್ಪತ್ರೆಯ ಗೋಡೆ ನೋಡಿದ್ದಳು, ಅಂಗಡಿಯ ಕಿತ್ತಳೆ ನೋಡಿದ್ದಳು, "ನೀನು ಇಷ್ಟು ಮುದುಕಿಯಾದದ್ದು ಯಾವಾಗೇ?" ಎಂದು ಸಲೂಮಿಯನ್ನು ಅಳಿಸುವಷ್ಟು ನಗಿಸಿದ್ದಳು. ನೆಲವನ್ನು ಮಾತ್ರ ಮೇಲಿಂದ ನೋಡಿರಲಿಲ್ಲ. ಇಕಾಲುಯಿತ್‌ನಿಂದ ಬರುವಾಗ ದಾರಿಯುದ್ದಕ್ಕೂ ಮೋಡ. ಇಂದು ಒಂದು ಚೂರು ಮೋಡವಿರಲಿಲ್ಲ. ಬೆನ್ನ ಹಿಂದಿನಿಂದ ಗಾಳಿ. ಲೂಕ್ ಒಮ್ಮೆ ಹಿಂತಿರುಗಿ ಮುದುಕಿಯ ಕಣ್ಣನ್ನು ನೋಡಿ ತಲೆಯಾಡಿಸಿದ, ಅಷ್ಟೇ.

ವಿಮಾನ ಎದ್ದಿತು. ನಪಾಚೀ ಸೀಟನ್ನು ಹಿಡಿಯಲಿಲ್ಲ.

"ಅಯ್ಯೋ," ಎಂದಳು. ಜೀವಮಾನವೆಲ್ಲ ಅವಳು ನೆಲವನ್ನು ನಾಯಿಗಳ ಬೆನ್ನಿನ ಎತ್ತರದಿಂದ, ತುಂಡು ತುಂಡಾಗಿ ನೋಡಿದವಳು. ಒಂದು ಭೂಶಿರ ದಾಟಿದರೆ ಇನ್ನೊಂದು, ಅದನ್ನು ದಾಟುವವರೆಗೆ ಆಚೆಯದು ಇಲ್ಲ. ಈಗ ಎಲ್ಲವೂ ಒಟ್ಟಿಗೇ ಇತ್ತು. ಹಿಮದ ಸಮುದ್ರ ನೀಲಿಯಾಗಿ, ಬಿಳಿಯಾಗಿ, ಬಿರುಕುಗಳು ಅಂಗೈಯ ಗೆರೆಗಳ ಹಾಗೆ ಹರಿದು, ನಡುನಡುವೆ ಬಟಾಬಯಲು ನಾಡುಗಳು, ಅವುಗಳ ಆಚೆ ಮತ್ತೆ ನಾಡುಗಳು. ಹನ್ನೊಂದನೆಯ ನಿದ್ದೆಯ ಭೂಶಿರ ಅಗೋ. ಹತ್ತನೆಯದು, ಒಂಬತ್ತನೆಯದು. ಅವಳು ಒಂದೊಂದನ್ನೂ ಗುರುತು ಹಿಡಿದಳು. ಎಂದೂ ಮೇಲಿನಿಂದ ನೋಡದಿದ್ದರೂ ಎಲ್ಲವೂ ಅವಳ ತಲೆಯೊಳಗೆ ಇದ್ದಲ್ಲೇ ಇದ್ದವು, ಒಂದು ಕಲ್ಲೂ ಆಚೀಚೆ ಆಗಿರಲಿಲ್ಲ. ಅದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿತು. ಇಷ್ಟು ದೊಡ್ಡದನ್ನು ತಾನು ಹೊತ್ತುಕೊಂಡು ತಿರುಗುತ್ತಿದ್ದೆನೇ?

"ನಲವತ್ತು ನಿಮಿಷ ಅತ್ತೆ," ಎಂದಳು ಸಲೂಮಿ.

"ಗಡಿಯಾರ ಒಳಗಿಡೇ. ಕಾಣ್ತಾ ಇದೆ."

ಮಂಡಿ ಮಡಚಿದ ಕೊಲ್ಲಿ. ಅದರ ಪಕ್ಕದಲ್ಲಿ ಒಂದು ಕೆಂಪು ಗುರುತು, ಉಗುರಿನಷ್ಟು. ಕಲ್ಲಿನ ಗುಡ್ಡೆ ಕಾಣುವ ಮಾತೇ ಇರಲಿಲ್ಲ. ಬಿರುಗಾಳಿಗೆ ಸಿಕ್ಕಿ ನಾಲ್ಕು ನಿದ್ದೆ ಕಳೆದ ತಗ್ಗು ಅಗೋ ಅಲ್ಲಿ, ಒಂದೇ ದಿಬ್ಬದ ಆಚೆ. ನಪಾಚೀ ತಲೆಯೆತ್ತಿದಳು. ಮುಂದೆ, ಆಕಾಶದ ಅಂಚಿನಲ್ಲಿ, ಔಯಿತ್ತುಕ್‌ನ ಹಿಮದ ಬೆಟ್ಟಗಳು ಎದ್ದಿದ್ದವು, ಅವಳ ಅಡುಗೆಮನೆಯ ಕಿಟಕಿಯಿಂದ ಕಾಣುವ ಅವೇ ಬೆಟ್ಟಗಳು. ಕುತ್ತಿಗೆ ಹೊರಳಿಸಿ ಹಿಂದೆ ನೋಡಿದಳು. ಕೂನುಕ್‌ಳ ರೆಸೊಲ್ಯೂಟಿನ ಬೋಳು ನಾಡು ಮಬ್ಬಾಗಿ ಇನ್ನೂ ಕಾಣುತ್ತಿತ್ತು. ಎರಡರ ನಟ್ಟನಡುವೆ ಕೆಂಪು ಬಂಡೆ. ಲೋಕದ ಆಚೆ ತುದಿಯಲ್ಲಿ, ಯಾರೂ ಇಲ್ಲದ ಕಡೆ ಕೂಸನ್ನು ಬಿಟ್ಟು ಬಂದೆನೆಂದು ಅವಳು ನಲವತ್ತು ವರ್ಷ ಅಂದುಕೊಂಡಿದ್ದಳು. ಅವನು ಎರಡು ಮನೆಗಳ ನಡುವೆ ಮಲಗಿದ್ದ.

"ಇಷ್ಟು ಹತ್ರ ಇದ್ಯಾ?" ಎಂದಳು ಗಾಜಿಗೆ. "ಇಷ್ಟು ಹತ್ರಾನೇ ಇದ್ಯೇನೋ?"

ಎಂಜಿನ್ನಿನ ಸದ್ದು ತಗ್ಗಿತು. ಲೂಕ್ ಹಿಂದೆ ತಿರುಗದೆ ರೆಕ್ಕೆ ವಾಲಿಸಿದ. ನೆಲ ಎದ್ದು ನಿಂತಿತು. ಕೊಲ್ಲಿ, ದಿಬ್ಬ, ಹಿಮ ಎಲ್ಲ ಒಂದು ಗೋಡೆಯಂತೆ ನಪಾಚೀಯ ಕಿಟಕಿಗೆ ಎದುರಾಗಿ ನಿಂತು, ನಿಧಾನವಾಗಿ ತಿರುಗತೊಡಗಿತು. ಕೆಂಪು ಗುರುತು ಹಿಗ್ಗಿತು, ಬಂಡೆಯಾಯಿತು, ಬಂಡೆಯ ಬುಡದಲ್ಲಿ ಬಿಸಿಲು ಬಿದ್ದು ಹಿಮ ಕರಗಿದ ಕಪ್ಪು ನೆಲವಾಯಿತು. ಹಿಂದಿನ ಸೀಟಿನಲ್ಲಿ ಹಲ್ಲು ಕೀಳಿಸಿಕೊಂಡು ಬರುತ್ತಿದ್ದ ಯಾರೋ, "ಏನಾಯ್ತು? ಏನಾಯ್ತು?" ಎಂದು ಕೂಗಿದ.

ನಪಾಚೀ ಟೋಪಿ ತೆಗೆದಳು. ಎರಡು ಅಂಗೈಯನ್ನೂ ಬಾಯಿಯ ಸುತ್ತ ಇಟ್ಟು, ಗಾಜಿಗೆ ತುಟಿ ತಾಗಿಸಿದಳು. ನೂರು ಕೂಸುಗಳಿಗೆ ಹೇಳಿದ ಹಾಗೆ ಮೆಲ್ಲಗೆ, ಅವಸರವಿಲ್ಲದೆ ಹೇಳಿದಳು:

"ಕೂನುಕ್."

ಸಲೂಮಿ ಬೆಚ್ಚಿ ಅವಳ ಕಡೆ ತಿರುಗಿದಳು.

"ಕೂನುಕ್," ಎಂದಳು ನಪಾಚೀ ಇನ್ನೊಮ್ಮೆ. "ನಿನ್ನ ಹೆಸರು ಕೂನುಕ್. ನಿನಗೆ ಹೆಸರಿಡಬೇಕಾದವಳ ಹೆಸರನ್ನೇ ನಿನಗೆ ಇಟ್ಟಿದೀನಿ." ಆಮೇಲೆ ಅವಳು ಏನಾದರೂ ಮಿಸುಕುವುದೇ ಎಂದು ನೋಡುತ್ತ ಕಾದಳು. ಕರಗಿದ ನೆಲದ ಮೇಲೆ ರೆಕ್ಕೆಯ ನೆರಳು ಹಾದುಹೋಯಿತು. ಅವಳು ತಲೆದೂಗಿ, ಹಿಂದಕ್ಕೆ ಒರಗಿ, ಸಲೂಮಿಗೆ ಕಿಟಕಿ ಬಿಟ್ಟುಕೊಟ್ಟಳು.

"ಹೋಗು. ಮಾತಾಡ್ಸು. ನಿನಗೇನಾಗ್ಬೇಕು ಅವನು?"

ಸಲೂಮಿ ಅತ್ತೆಯ ಮಂಡಿಗಳ ಮೇಲೆ ಕೈಯೂರಿ ಬಗ್ಗಿದಳು. ಅವಳ ಉಸಿರಿಗೆ ಗಾಜು ಮಬ್ಬಾಯಿತು, ತೋಳಿನಿಂದ ಒರೆಸಿದಳು. ಒಂದು ದಿನ ಬದುಕಿದ ಗಂಡು ಕೂಸು ಅಲ್ಲಿ ಕೆಳಗೆ ಬಿಸಿಲಿನಲ್ಲಿತ್ತು.

"ಅಮ್ಮಾ," ಎಂದು ಕರೆದಳು. ಎಂಜಿನ್ನಿನ ಮೊರೆತದಲ್ಲಿ ಅದು ಅವಳಿಗೇ ಕೇಳಿಸಲಿಲ್ಲವೇನೋ, ಇನ್ನೊಂದು ಸಲ ಗಂಟಲು ಬಿಟ್ಟು ಕರೆದಳು. "ಅಮ್ಮಾ! ನಾನು, ಸಲೂಮಿ. ತಡ ಆಯ್ತು."

ರೆಕ್ಕೆ ಇನ್ನೂ ವಾಲಿಕೊಂಡೇ ಇತ್ತು. ಕೆಂಪು ಬಂಡೆ ಕಿಟಕಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮೆಲ್ಲಗೆ ಸರಿಯುತ್ತಿತ್ತು, ನಪಾಚೀ ಸಲೂಮಿಯ ಬೆನ್ನ ಮೇಲೆ ಕೈಯಿಟ್ಟು ಅದನ್ನು ಒಂದೇ ಕಣ್ಣಿನಿಂದ ನೋಡುತ್ತಿದ್ದಳು.